ಅರಿವಳಿಕೆಯಲ್ಲಿರುವ ನಾಯಿಯ ಉಸಿರು: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಪತ್ರಗಳು ಹೆಚ್ಚುಕಡಿಮೆ ಒಂದೇ ವಿಷಯದ್ದಾಗಿದ್ದವು. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಇರಿಸಿ, ಈ ಐದನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಮಾನ್ಯರೇ, ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಒಂಟಿಮನೆ. ಕಳೆದ ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ನುಗ್ಗಿದ ಕಾಡುಹಂದಿ ನಮ್ಮ ನಾಯಿ ಕರಿಯನ ತೊಡೆಯನ್ನು ಕೋರೆಯಿಂದ ಸೀಳಿಬಿಟ್ಟಿತು. ಪೇಟೆಯ ಚಿಕಿತ್ಸಾಲಯವೊಂದರಲ್ಲಿ ಇಂಜೆಕ್ಷನ್ ಕೊಟ್ಟು ಮಲಗಿಸಿ ಹೊಲಿಗೆ ಹಾಕಿದರು. ಹೊಲಿಗೆ ಅರ್ಧವಾಗುವಷ್ಟರಲ್ಲಿ ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿತು. ವೈದ್ಯರು ಕೆಲಸ ನಿಲ್ಲಿಸಿ, ನಾಲಿಗೆ ಹೊರಗೆಳೆದು, ಎದೆ ಒತ್ತಿ ಹೇಗೋ ಉಳಿಸಿಕೊಂಡರು. ಮೂಲೆಯಲ್ಲಿ ಆಮ್ಲಜನಕದ ಸಿಲಿಂಡರ್ ಇದ್ದರೂ ಅದನ್ನು ಮೊದಲಿನಿಂದ ಹಚ್ಚಿರಲಿಲ್ಲ. ಕೇಳಿದ್ದಕ್ಕೆ, ಚೆನ್ನಾಗಿ ಉಸಿರಾಡುವ ನಾಯಿಗೆ ಅದೆಲ್ಲ ಯಾಕೆ ಎಂದರು. ಈಗ ನಮ್ಮ ಹೆಣ್ಣು ನಾಯಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಬೇಕಾಗಿದೆ. ಆಮ್ಲಜನಕ ನಿಜವಾಗಿಯೂ ಬೇಕೇ?

ಉತ್ತರ: ಬೇಕು. ನಾಯಿ ಚೆನ್ನಾಗಿ ಉಸಿರಾಡುತ್ತದೆ ಎಂಬ ಮಾತು ಅದು ಮೇಜು ಹತ್ತುವ ತನಕ ಸರಿ. ಅರಿವಳಿಕೆ ಏರಿದ ಮೇಲೆ ಅದೇ ನಾಯಿಯ ಉಸಿರಿನ ರೀತಿಯೇ ಬದಲಾಗುತ್ತದೆ. ಎಚ್ಚರವಿರುವಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಸು ಹೆಚ್ಚಿದರೂ ಮಿದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ಅದನ್ನು ಗ್ರಹಿಸಿ, ಮುಂದಿನ ಉಸಿರನ್ನು ಆಳವಾಗಿ ಎಳೆಯಿಸುತ್ತದೆ. ಐಸೋಫ್ಲುರೇನ್, ಪ್ರೊಪೋಫಾಲ್, ಥಯೋಪೆಂಟೋನ್ ಮುಂತಾದ ಔಷಧಗಳು ಆ ಕೇಂದ್ರವನ್ನೇ ಮಂಕಾಗಿಸುತ್ತವೆ. ಪ್ರೊಪೋಫಾಲನ್ನು ಅವಸರದಲ್ಲಿ ರಕ್ತನಾಳಕ್ಕೆ ಕೊಟ್ಟರೆ ಉಸಿರು ಸ್ವಲ್ಪ ಹೊತ್ತು ಪೂರ್ತಿ ನಿಂತುಹೋಗುವುದೂ ಉಂಟು. ಸಣ್ಣ ಊರುಗಳಲ್ಲಿ ಬಹಳವಾಗಿ ಬಳಸುವ ಜೈಲಜೀನ್ ಮತ್ತು ಕೆಟಮೀನ್ ಜೋಡಿಯಲ್ಲಿ ಕೆಟಮೀನ್ ಉಸಿರನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ. ಆದರೆ ಜೈಲಜೀನ್ ಹೃದಯದ ಬಡಿತವನ್ನು ಗಣನೀಯವಾಗಿ ಇಳಿಸುತ್ತದೆ, ಕೆಲವು ನಾಯಿಗಳಿಗೆ ವಾಂತಿಯನ್ನೂ ತರಿಸುತ್ತದೆ. ಇದರ ಮೇಲೆ ಮಲಗಿಸುವ ಭಂಗಿ ಬೇರೆ. ಬೆನ್ನ ಮೇಲೆ ಮಲಗಿದ ನಾಯಿಯ ಹೊಟ್ಟೆಯೊಳಗಿನ ಅಂಗಗಳು ವಪೆಯ ಮೇಲೆ ಒರಗುವುದರಿಂದ ಶ್ವಾಸಕೋಶದ ಕೆಳಭಾಗದ ವಾಯುಕೋಶಗಳು ಮುದುಡಿಕೊಳ್ಳುತ್ತವೆ. ಅಲ್ಲಿಗೆ ಹರಿದ ರಕ್ತ ಆಮ್ಲಜನಕ ಸಿಗದೆ ಬಂದ ಹಾಗೆಯೇ ಮರಳುತ್ತದೆ.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಇರುವುದು ಶೇ. 21 ಮಾತ್ರ. 20 ಕಿಲೋ ತೂಕದ ನಾಯಿಯೊಂದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಉಸಿರು ಬಿಟ್ಟ ಮೇಲೂ ಅದರ ಶ್ವಾಸಕೋಶದಲ್ಲಿ ಸುಮಾರು 900 ಮಿಲಿಲೀಟರ್ ಗಾಳಿ ಉಳಿದಿರುತ್ತದೆ, ಅದರೊಳಗೆ ಬಳಕೆಗೆ ಬರುವ ಆಮ್ಲಜನಕ ನೂರು ಚಿಲ್ಲರೆ ಮಿಲಿಲೀಟರ್. ಅರಿವಳಿಕೆಯಲ್ಲಿದ್ದಾಗಲೂ ನಾಯಿಯ ದೇಹ ನಿಮಿಷಕ್ಕೆ ಹತ್ತಿರ ಹತ್ತಿರ 100 ಮಿಲಿಲೀಟರ್ ಆಮ್ಲಜನಕವನ್ನು ಖರ್ಚು ಮಾಡುತ್ತದೆ. ಅಂದರೆ ಉಸಿರು ನಿಂತರೆ ವೈದ್ಯರ ಕೈಯಲ್ಲಿರುವುದು ಒಂದು ನಿಮಿಷದ ಆಸುಪಾಸು. ಮಲಗಿಸುವ ಮೊದಲು 3ರಿಂದ 5 ನಿಮಿಷ ಮುಖಕ್ಕೆ ಮಾಸ್ಕ್ ಹಿಡಿದು ಶುದ್ಧ ಆಮ್ಲಜನಕ ಕೊಟ್ಟಿದ್ದರೆ ಅದೇ ಶ್ವಾಸಕೋಶ ಆಮ್ಲಜನಕದ ಉಗ್ರಾಣವಾಗಿರುತ್ತದೆ, ಆ ಒಂದು ನಿಮಿಷ ನಾಲ್ಕೈದು ನಿಮಿಷಕ್ಕೆ ಹಿಗ್ಗುತ್ತದೆ. ಬಾಯಿ ತೆರೆದು ಶ್ವಾಸನಾಳಕ್ಕೆ ಕೊಳವೆ ಹಾಕಲು ಒದ್ದಾಡುವ ವೈದ್ಯರಿಗೆ ಈ ಮೂರ್ನಾಲ್ಕು ನಿಮಿಷ ದೊಡ್ಡ ಬಂಡವಾಳ. ಮಾಸ್ಕ್ ಕಂಡು ಬೆದರುವ ನಾಯಿಯನ್ನು ಮಾತ್ರ ಅದುಮಿ ಹಿಡಿಯಬಾರದು, ಒದ್ದಾಟದಲ್ಲಿ ಗಳಿಸಿದ್ದಕ್ಕಿಂತ ಕಳೆಯುವುದೇ ಹೆಚ್ಚು. ಅಂಥ ನಾಯಿಗೆ ಮೊದಲು ಮಂಪರಿನ ಔಷಧ ಕೊಟ್ಟು, ಪರಿಚಯದ ಕೈಯೊಂದು ತಲೆ ಸವರುತ್ತಿರುವಾಗ ಮಾಸ್ಕ್ ಹಿಡಿದರೆ ಸಾಕಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಯಾರಿಗೂ ತಕರಾರು ಇರಲಾರದು. ಆಮ್ಲಜನಕ ಹಚ್ಚಿದೆವು, ಇನ್ನು ಭಯವಿಲ್ಲ ಎಂದು ಕೈಕಟ್ಟಿ ನಿಲ್ಲುವುದು ಎರಡನೆಯ ತಪ್ಪು. ಆ ತಪ್ಪನ್ನು ನಾನೇ ಮಾಡಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಲೆನಾಡಿನದೇ ಒಂದು ಹಳ್ಳಿಯ ಜಗಲಿಯ ಮೇಲೆ ಹೆಣ್ಣು ನಾಯಿಯೊಂದಕ್ಕೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದೆ. ಮಾಸ್ಕಿನಲ್ಲಿ ಆಮ್ಲಜನಕ ಹೋಗುತ್ತಿತ್ತು, ನಾಲಿಗೆ ಗುಲಾಬಿ ಬಣ್ಣದಲ್ಲಿತ್ತು, ಹೊಟ್ಟೆಯೂ ಏರಿಳಿಯುತ್ತಿತ್ತು. ನನಗೆ ಸಹಾಯಕ್ಕೆ ನಿಂತಿದ್ದ ಹಿರಿಯ ಕಾಂಪೌಂಡರ್ ಮಾತಾಡದೆ ಮಾಸ್ಕನ್ನು ಸರಿಸಿ, ಒಂದೆಳೆ ಹತ್ತಿಯನ್ನು ಬಿಡಿಸಿ ನಾಯಿಯ ಮೂಗಿನ ಹೊಳ್ಳೆಯ ಮುಂದೆ ಹಿಡಿದರು. ಹೊಟ್ಟೆ ಏಳುತ್ತಿದೆ, ಇಳಿಯುತ್ತಿದೆ, ಹತ್ತಿ ಮಾತ್ರ ಅಲುಗುತ್ತಿಲ್ಲ. ನೋಡಿದರೆ ತಲೆ ಮೇಜಿನ ಅಂಚಿಗೆ ಜಾರಿ ಕುತ್ತಿಗೆ ಮಡಚಿಕೊಂಡಿದೆ, ಸಡಿಲಗೊಂಡ ನಾಲಿಗೆಯ ಬುಡ ಹಿಂದಕ್ಕೆ ಬಿದ್ದು ಗಂಟಲನ್ನು ಮುಚ್ಚಿದೆ. ಅದುವರೆಗೆ ತುಂಬಿಕೊಂಡಿದ್ದ ಆಮ್ಲಜನಕದ ಬಲದಿಂದ ನಾಲಿಗೆ ಬಣ್ಣ ಉಳಿಸಿಕೊಂಡಿತ್ತು, ಅಷ್ಟೆ. ಕುತ್ತಿಗೆ ನೇರ ಮಾಡಿ, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಮುಂದಕ್ಕೆಳೆದ ಕೂಡಲೇ ಹತ್ತಿಯ ಎಳೆ ಫರ್ರನೆ ಹಾರಿ ಅವರ ಮುಂಗೈಗೆ ಅಂಟಿಕೊಂಡಿತು. ಅಂದಿನಿಂದ ಶ್ವಾಸನಾಳಕ್ಕೆ ಕೊಳವೆ ಹಾಕದೆ ನಾನು ನಾಯಿಯ ಹೊಟ್ಟೆ ತೆರೆದಿಲ್ಲ. ತುದಿಯಲ್ಲಿ ಗಾಳಿ ತುಂಬುವ ಪುಗ್ಗೆ ಇರುವ ಈ ಕೊಳವೆ ದಾರಿಯನ್ನು ತೆರೆದಿಡುತ್ತದೆ, ವಾಂತಿ ಶ್ವಾಸಕೋಶಕ್ಕೆ ಇಳಿಯದ ಹಾಗೆ ತಡೆಯುತ್ತದೆ, ಉಸಿರು ನಿಂತರೆ ಕೊಳವೆಗೆ ಜೋಡಿಸಿದ ಗಾಳಿಚೀಲ ಒತ್ತಿ ಉಸಿರಾಡಿಸುವುದಕ್ಕೂ ಬರುತ್ತದೆ.

ದಾರಿ ತೆರೆದಿದ್ದರೂ ಇನ್ನೊಂದು ತೊಡಕು ಉಳಿಯುತ್ತದೆ. ಆಮ್ಲಜನಕ ಒಳಗೆ ಹೋಗುವುದು ಒಂದು ಕೆಲಸ, ಇಂಗಾಲದ ಡೈಆಕ್ಸೈಡ್ ಹೊರಗೆ ಬರುವುದು ಇನ್ನೊಂದು. ಶುದ್ಧ ಆಮ್ಲಜನಕ ಎಳೆಯುತ್ತಿರುವ ನಾಯಿ ನಿಮಿಷಕ್ಕೆ ನಾಲ್ಕೇ ಸಲ, ಅದೂ ಮೇಲುಮೇಲಕ್ಕೆ ಉಸಿರಾಡಿದರೂ ನಾಲಿಗೆಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ 99 ಎಂದೇ ತೋರಿಸುತ್ತಿರುತ್ತದೆ; ಒಳಗೆ ಇಂಗಾಲದ ಡೈಆಕ್ಸೈಡ್ ಶೇಖರವಾಗಿ ರಕ್ತ ಆಮ್ಲೀಯವಾಗುತ್ತಾ ಹೃದಯದ ಲಯ ತಪ್ಪುವ ಹಂತಕ್ಕೆ ಬಂದರೂ ಆ ಯಂತ್ರಕ್ಕೆ ಅದರ ಸುಳಿವೇ ಹತ್ತುವುದಿಲ್ಲ. ಅದನ್ನು ಅಳೆಯುವುದು ಕ್ಯಾಪ್ನೋಗ್ರಾಫ್. ಉಸಿರು ಬಿಡುವ ಕೊನೆಯಲ್ಲಿ ಅದು ತೋರಿಸುವ ಅಂಕಿ ಪಾದರಸದ 35ರಿಂದ 45 ಮಿಲಿಮೀಟರ್ ನಡುವೆ ಇರಬೇಕು. ಅರಿವಳಿಕೆಯಲ್ಲಿ ತುಸು ಏರಿದರೆ ಸಹಿಸಬಹುದು, 60 ದಾಟಿದರೆ ಚೀಲ ಒತ್ತಿ ಉಸಿರಾಡಿಸಲೇಬೇಕು. ಒತ್ತುವುದಾದರೂ ಎದೆ ಸಹಜವಾಗಿ ಏಳುವಷ್ಟೇ. ಒತ್ತಡ ನೀರಿನ 20 ಸೆಂಟಿಮೀಟರ್ ಮೀರಬಾರದು. ಕ್ಯಾಪ್ನೋಗ್ರಾಫ್ ಇಲ್ಲದ ಕಡೆ ಒಬ್ಬರು ಬೇರೆ ಯಾವ ಕೆಲಸಕ್ಕೂ ಕೈ ಹಾಕದೆ ಚೀಲದ ಏರಿಳಿತ, ಉಸಿರಿನ ಎಣಿಕೆ, ವಸಡಿನ ಬಣ್ಣ ಇವನ್ನು ನೋಡುತ್ತಾ ಐದೈದು ನಿಮಿಷಕ್ಕೆ ಬರೆದಿಡಬೇಕು.

ನಿಮ್ಮ ವೈದ್ಯರು ಕೆಲಸ ನಿಲ್ಲಿಸಿ ನಾಲಿಗೆ ಎಳೆದದ್ದು ಸರಿ, ಅದರಿಂದಲೇ ಕರಿಯ ಉಳಿದಿರಬೇಕು. ಸಿಲಿಂಡರ್ ಇದ್ದೂ ಹಚ್ಚದಿದ್ದುದು ಮಾತ್ರ ನನಗೆ ಒಪ್ಪಿಗೆಯಾಗದ ಸಂಗತಿ. ಬಿ ಮಾದರಿಯ ಸಣ್ಣ ಸಿಲಿಂಡರ್ ತುಂಬಿದ್ದರೆ ಸುಮಾರು 1500 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 1 ಲೀಟರಿನಂತೆ ಬಿಟ್ಟರೆ 25 ಗಂಟೆ ಬರುವ ಆ ಸಾಮಗ್ರಿಯಲ್ಲಿ ಒಂದು ಹೊಲಿಗೆಗೆ ಎಷ್ಟು ಖರ್ಚಾದೀತು? ಹಂದಿಯ ಕೋರೆ ತೊಡೆಗೆ ತಾಗದೆ ಎದೆಯ ಪಕ್ಕಕ್ಕೆ ತಾಗಿದ್ದರೆ ಕಥೆ ಇನ್ನೂ ಬಿಗಿ. ಎದೆಗೂಡಿನೊಳಗೆ ಗಾಳಿ ಸೇರಿಕೊಂಡಿದೆಯೇ ಎಂದು ಎಕ್ಸ್‌ರೇಯಲ್ಲಿ ನೋಡದೆ ಚೀಲ ಒತ್ತಿದರೆ ಶ್ವಾಸಕೋಶ ಇನ್ನಷ್ಟು ಕುಸಿಯುತ್ತದೆ.

ಇದನ್ನು ಓದಿ ಹೆಣ್ಣು ನಾಯಿಯ ಆಪರೇಷನ್ನಿಗೆ ಹೆದರಿ ಹಿಂಜರಿಯಬೇಡಿ. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಸುಮಾರು 98,000 ನಾಯಿಗಳ ಲೆಕ್ಕವಿತ್ತು. ಅರಿವಳಿಕೆ ಅಥವಾ ಮಂಪರಿನ ಸಂಬಂಧದಿಂದ ಸತ್ತವು ಶೇ. 0.17, ಆರೋಗ್ಯವಂತ ನಾಯಿಗಳಲ್ಲಿ ಶೇ. 0.05 ಮಾತ್ರ. ಅದು ಅಲ್ಲಿನ ಸೌಕರ್ಯದ ಲೆಕ್ಕ ಎಂಬುದು ನೆನಪಿರಲಿ. ಹೋಗುವ ಮೊದಲು, ಡಾಕ್ಟರೇ, ಕೊಳವೆ ಹಾಕುತ್ತೀರಾ, ಆಮ್ಲಜನಕ ಮೊದಲಿನಿಂದ ಇರುತ್ತದೆಯೇ, ಉಸಿರು ನೋಡಿಕೊಳ್ಳುವವರು ಯಾರು ಎಂದು ವಿನಯದಿಂದಲೇ ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಪ್ರಶ್ನೆ: ಉಣುಗಿನ ಜ್ವರದಿಂದ ಎದ್ದ ನಮ್ಮ ನಾಯಿಗೆ ಮೊಲೆಯ ಗೆಡ್ಡೆ ತೆಗೆಸಬೇಕಿತ್ತು. ಯಂತ್ರದಲ್ಲಿ ಆಮ್ಲಜನಕ 98 ಬಂದರೂ ರಕ್ತ ಕಡಿಮೆ ಇದೆ ಎಂದು ಡಾಕ್ಟರು ಮುಂದೂಡಿದರು. 98 ಇದ್ದ ಮೇಲೆ ತೊಂದರೆ ಏನು? (ಸೊರಬ ತಾಲ್ಲೂಕು)

ಉತ್ತರ: ಮಂಗನ ಕಾಯಿಲೆಯ ದೆಸೆಯಿಂದ ಉಣುಗಿನ ಹೆಸರು ಕೇಳದ ಮನೆ ನಿಮ್ಮ ಕಡೆ ಇರಲಿಕ್ಕಿಲ್ಲ. ನಾಯಿಗಳಿಗೆ ಅದು ತರುವ ಎರ್ಲಿಕಿಯಾ, ಬಬೇಸಿಯಾ ರೋಗಗಳು ಬೇರೆ, ಅವು ರಕ್ತವನ್ನೇ ಬರಿದು ಮಾಡುತ್ತವೆ. ಆಕ್ಸಿಮೀಟರ್ ಹೇಳುವುದು ಇರುವ ಹಿಮೋಗ್ಲೋಬಿನ್ನಿನಲ್ಲಿ ಶೇಕಡಾ ಎಷ್ಟು ಆಮ್ಲಜನಕ ಹೊತ್ತಿದೆ ಎಂಬುದನ್ನು. ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ. ಹೊರುವ ಆಳುಗಳು ಮೂವರೇ ಇದ್ದು, ಮೂವರ ತಲೆಯ ಮೇಲೂ ಹೊರೆ ಇದ್ದರೆ ಲೆಕ್ಕಕ್ಕೆ ಅದು ನೂರಕ್ಕೆ ನೂರೇ, ಆದರೆ ಅಂಗಳಕ್ಕೆ ಬಂದ ಅಡಿಕೆ ಮೂರೇ ಹೊರೆ. ಒಂದು ಗ್ರಾಂ ಹಿಮೋಗ್ಲೋಬಿನ್ ಹೊರುವುದು 1.34 ಮಿಲಿಲೀಟರ್ ಆಮ್ಲಜನಕ. 100 ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ ಇದ್ದರೆ 20 ಮಿಲಿಲೀಟರ್ ಸಾಗುತ್ತದೆ, 5 ಗ್ರಾಂ ಇದ್ದರೆ ಏಳೂ ದಾಟುವುದಿಲ್ಲ. ಶುದ್ಧ ಆಮ್ಲಜನಕ ಕೊಟ್ಟಾಗ ರಕ್ತದ್ರವದಲ್ಲಿ ಕರಗಿ ಹೋಗುವ ಪಾಲು ಸುಮಾರು ಒಂದೂವರೆ ಮಿಲಿಲೀಟರ್. ಆರೋಗ್ಯವಂತ ನಾಯಿಗೆ ಅದು ಲೆಕ್ಕಕ್ಕಿಲ್ಲ, ನಿಮ್ಮ ನಾಯಿಗೆ ದೊಡ್ಡ ಆಸರೆ.

ಇನ್ನೊಂದು ಮೋಸವೂ ಇದೆ. ನಾಲಿಗೆ ನೀಲಿಗಟ್ಟಬೇಕಾದರೆ 100 ಮಿಲಿಲೀಟರ್ ರಕ್ತದಲ್ಲಿ ಹೆಚ್ಚುಕಡಿಮೆ 5 ಗ್ರಾಂ ಹಿಮೋಗ್ಲೋಬಿನ್ ಆಮ್ಲಜನಕವಿಲ್ಲದೆ ಖಾಲಿಯಾಗಿರಬೇಕು. ಒಟ್ಟು ಇರುವುದೇ ಅಷ್ಟಾದರೆ ನಾಯಿ ಸಾಯುವ ತನಕವೂ ನಾಲಿಗೆ ನೀಲಿಯಾಗದು, ಬಿಳಿಚಿಕೊಂಡೇ ಇರುತ್ತದೆ. ಸಾಮಾನ್ಯವಾಗಿ 37ರಿಂದ 55ರವರೆಗೆ ಇರಬೇಕಾದ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾವಾರು ಪಾಲು) 20ರ ಆಸುಪಾಸಿಗೆ ಇಳಿದಿದ್ದರೆ ರಕ್ತ ಏರಿಸದೆ ಅಥವಾ ಚಿಕಿತ್ಸೆ ಕೊಟ್ಟು ಕಾಯದೆ ಕತ್ತರಿ ಹಿಡಿಯಬಾರದು. ಡಾಕ್ಟರು ಮಾಡಿದ್ದೇ ಸರಿ.

ಪ್ರಶ್ನೆ: ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಮನೆಯಲ್ಲಿ ಸುಮ್ಮನೆ ಕೂತಿದೆ. ಊರಿನ ಪಶು ಆಸ್ಪತ್ರೆಗೆ ಕೊಟ್ಟರೆ ನಾಯಿಗಳ ಶಸ್ತ್ರಚಿಕಿತ್ಸೆಗೆ ಉಪಯೋಗವಾಗುತ್ತದೆಯೇ? (ಸಾಗರ)

ಉತ್ತರ: ಖಂಡಿತ ಆಗುತ್ತದೆ, ಕೊಡಿ. ಅದು ಗಾಳಿಯಿಂದ ಸಾರಜನಕವನ್ನು ಸೋಸಿ ತೆಗೆದು ಶೇ. 90ರಿಂದ 95ರಷ್ಟು ಶುದ್ಧ ಆಮ್ಲಜನಕವನ್ನು, ಸಾಮಾನ್ಯ ಮಾದರಿಯಲ್ಲಿ ನಿಮಿಷಕ್ಕೆ 5 ಲೀಟರಿನವರೆಗೆ ಕೊಡುತ್ತದೆ. ಮಾಸ್ಕಿಗೂ, ಕೊಳವೆಗೂ ಇಷ್ಟು ಸಾಕು. ಅದರ ಒತ್ತಡ ಕಡಿಮೆ ಇರುವುದರಿಂದ ಸಿಲಿಂಡರಿನ ಒತ್ತಡದಲ್ಲಿ ನಡೆಯುವ ವೆಂಟಿಲೇಟರನ್ನು ನಡೆಸಲಾರದು. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಈ ಯಂತ್ರದಲ್ಲಿ ಒಂದು ಗುಟುಕು ಆಮ್ಲಜನಕವೂ ಉಳಿತಾಯವಿರುವುದಿಲ್ಲ, ಅದು ಆ ಗಳಿಗೆಯಲ್ಲೇ ನಿಲ್ಲುತ್ತದೆ. ಹಾಗಾಗಿ ಪಕ್ಕದಲ್ಲಿ ಒಂದು ಸಣ್ಣ ಸಿಲಿಂಡರ್, ಕೈಯಿಂದ ಒತ್ತುವ ಆಂಬು ಬ್ಯಾಗ್ ಇರಲೇಬೇಕು. ವರ್ಷಗಟ್ಟಲೆ ಸುಮ್ಮನೆ ಇಟ್ಟ ಯಂತ್ರವಾದ್ದರಿಂದ ಫಿಲ್ಟರ್ ಬದಲಿಸಿ, ಹೊರಬರುವ ಆಮ್ಲಜನಕದ ಶುದ್ಧತೆಯನ್ನು ಒಮ್ಮೆ ಅಳೆಸಿ ಕೊಡಿ. ಮಲೆನಾಡಿನ ತೇವ ಅದರೊಳಗೆ ಸಾರಜನಕ ಸೋಸುವ ಹರಳುಗಳಿಗೆ ಒಗ್ಗುವುದಿಲ್ಲ.

ಪ್ರಶ್ನೆ: ಅರಿವಳಿಕೆಗೆ ಮೊದಲು ಎಷ್ಟು ಹೊತ್ತು ಉಪವಾಸ?

ಉತ್ತರ: ದೊಡ್ಡ ನಾಯಿಗೆ ಸಾಮಾನ್ಯವಾಗಿ 6ರಿಂದ 12 ಗಂಟೆ, ಎಳೆಮರಿಗಳಿಗೆ ಇನ್ನೂ ಕಡಿಮೆ. ನೀರಿನ ವಿಷಯವನ್ನು ನಿಮ್ಮ ವೈದ್ಯರು ಹೇಳಿದಂತೆ ಮಾಡಿ.

ಪ್ರಶ್ನೆ: ನಮ್ಮ ಪಗ್ ನಾಯಿಗೆ ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಅದು ಕಣ್ಣು ಬಿಟ್ಟು ತಲೆ ಎತ್ತಿದ ಮೇಲೂ ಬಾಯಿಯಲ್ಲಿದ್ದ ಕೊಳವೆ ತೆಗೆಯದೆ ಬಿಟ್ಟಿದ್ದರು. ಹಿಂಸೆಯಲ್ಲವೇ? ಸಂಜೆ ಹೊಸನಗರಕ್ಕೆ ಕರೆತರುವಾಗ ದಾರಿಯುದ್ದಕ್ಕೂ ಗೊರಕೆ ಹೊಡೆಯುತ್ತಿತ್ತು.

ಉತ್ತರ: ಹಿಂಸೆಯಲ್ಲ, ಅದು ಮುತುವರ್ಜಿ. ಪಗ್, ಬುಲ್‌ಡಾಗ್, ಶಿಟ್ಜೂ ಮುಂತಾದ ಮೊಂಡುಮುಖದ ನಾಯಿಗಳ ಮೂಗಿನ ಹೊಳ್ಳೆ ಕಿರಿದು, ಮೃದು ಅಂಗುಳ ಉದ್ದ. ಅವು ಬದುಕಿನಲ್ಲಿ ಮೊದಲ ಬಾರಿಗೆ ಸಲೀಸಾಗಿ ಉಸಿರಾಡುವುದು ಆ ಕೊಳವೆಯಲ್ಲೇ ಎಂದು ನಾವು ವೈದ್ಯರು ತಮಾಷೆ ಮಾಡುವುದುಂಟು. ಬೇರೆ ನಾಯಿಗಳಿಗೆ ನುಂಗುವ ಪ್ರತಿಕ್ರಿಯೆ ಮರಳಿದ ಕೂಡಲೇ ಕೊಳವೆ ತೆಗೆಯುತ್ತೇವೆ. ಇವುಗಳಿಗೆ ಇನ್ನು ಇದನ್ನು ತಡೆಯಲಾರೆ ಎಂದು ಅವೇ ತಲೆ ಕೊಡವುವ ತನಕ ಬಿಡುತ್ತೇವೆ, ತೆಗೆದ ಮೇಲೂ ಮುಖದ ಹತ್ತಿರ ಆಮ್ಲಜನಕ ಹಿಡಿದಿರುತ್ತೇವೆ. ಮೇಲೆ ಹೇಳಿದ ಬ್ರಿಟನ್ನಿನ ಅಧ್ಯಯನದಲ್ಲಿ ಸತ್ತ ನಾಯಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಶಸ್ತ್ರಚಿಕಿತ್ಸೆ ಮುಗಿದ ಮೇಲೆ, ಅದರಲ್ಲೂ ಹೆಚ್ಚಿನವು ಮೊದಲ ಮೂರು ಗಂಟೆಯೊಳಗೆ ಸತ್ತಿದ್ದವು. ಯಂತ್ರ ಕಳಚಿ, ಎಲ್ಲರೂ ಕೈ ತೊಳೆಯಲು ಹೋಗುವ ಹೊತ್ತು ಅದು.

ಗೊರಕೆ ಪಗ್‌ಗೆ ಹುಟ್ಟುಗುಣ. ಆದರೆ ಉಸಿರೆಳೆಯುವಾಗ ಎದೆ ಒಳಕ್ಕೆ ಹೋಗಿ ಹೊಟ್ಟೆ ಮಾತ್ರ ಉಬ್ಬುತ್ತಿದ್ದರೆ, ವಸಡು ಬೂದಿ ಬಣ್ಣಕ್ಕೆ ತಿರುಗಿದರೆ, ಗೊರಕೆ ಇದ್ದಕ್ಕಿದ್ದಂತೆ ನಿಂತು ಎದೆ ಮಾತ್ರ ಎಳೆದಾಡುತ್ತಿದ್ದರೆ ಗಾಡಿ ತಿರುಗಿಸಬೇಕು. ಇನ್ನೊಮ್ಮೆ ಇಂಥ ಸಂದರ್ಭ ಬಂದರೆ ನಾಯಿ ತಾನಾಗಿ ಎದ್ದು ನಾಲ್ಕು ಹೆಜ್ಜೆ ನಡೆಯುವ ತನಕ ಹೊರಡಬೇಡಿ. ಕಾರಿನಲ್ಲಿ ಅದನ್ನು ಮಡಿಲಲ್ಲಿ ಮುದುಡಿಸಿಕೊಳ್ಳದೆ ಸೀಟಿನ ಮೇಲೆ ಎದೆ ಕೆಳಗಾಗಿ ಮಲಗಿಸಿ, ಗದ್ದದ ಕೆಳಗೆ ಮಡಚಿದ ಟವೆಲ್ ಇಟ್ಟು ಕುತ್ತಿಗೆ ನೇರವಾಗಿರುವಂತೆ ನೋಡಿಕೊಳ್ಳಿ. ಕೊರಳಪಟ್ಟಿ ಬಿಚ್ಚಿಡಿ. ತಿರುವಿನಲ್ಲಿ ತಲೆ ಸೀಟಿನ ಸಂದಿಗೆ ಜಾರದ ಹಾಗೆ ಹಿಂದೆ ಒಬ್ಬರು ಕೂತು ಕೈ ಆನಿಸಿಕೊಂಡಿರಲಿ.