ಹಳೆಯ ಲ್ಯಾಪ್‌ಟಾಪ್‌ಗೆ ಕ್ರೋಮ್ ಓಎಸ್ ಫ್ಲೆಕ್ಸ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. 2014ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಕೋರ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್ ಹಾಗೂ ಹಾರ್ಡ್‌ಡಿಸ್ಕ್ ಇವೆ. ವಿಂಡೋಸ್ 10 ತೆರೆದುಕೊಳ್ಳುವುದೇ ನಿಧಾನ, ಜೊತೆಗೆ ಅದರ ಅಪ್‌ಡೇಟ್‌ಗಳೂ ನಿಂತಿವೆ. ಇಮೇಲ್, ಬ್ಯಾಂಕ್ ವ್ಯವಹಾರ, ಯೂಟ್ಯೂಬ್ ಮತ್ತು ಕನ್ನಡ ಬರೆಯುವ ‘ನುಡಿ’ ತಂತ್ರಾಂಶದಲ್ಲಿ ಲೇಖನಗಳನ್ನು ಬರೆಯುವುದು, ಇಷ್ಟೇ ನನ್ನ ಬಳಕೆ. ರಿಪೇರಿ ಅಂಗಡಿಯವರು ವಿಂಡೋಸ್ ಬದಲಿಗೆ ಗೂಗಲ್‌ನ ಕಾರ್ಯಾಚರಣಾ ವ್ಯವಸ್ಥೆಯಾದ ಕ್ರೋಮ್ ಓಎಸ್ ಫ್ಲೆಕ್ಸ್ ಹಾಕಿಸಿಕೊಳ್ಳಿ ಎನ್ನುತ್ತಾರೆ. ಹಾಕಿಸಬಹುದೇ?
– ಓದುಗರು, ಸಾಗರ

ಉತ್ತರ: ಹಾಕಿಸಬಹುದು, ಆದರೆ ನಿಮ್ಮ ನುಡಿ ಕಡತಗಳಿಗೆ ಒಂದು ವ್ಯವಸ್ಥೆಯಾದ ಮೇಲೆಯೇ ಹಾಕಿಸಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯದಾದ ಇಂಥ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಚೆನ್ನಾಗಿರುವ ಯಂತ್ರವನ್ನು ಇಷ್ಟಕ್ಕಾಗಿ ಗುಜರಿಗೆ ಹಾಕುವುದು ನನಗೆ ಸರಿಕಾಣುವುದಿಲ್ಲ.

ನೆವರ್‌ವೇರ್ ಎಂಬ ಕಂಪನಿಯನ್ನು 2020ರಲ್ಲಿ ಕೊಂಡ ಗೂಗಲ್, ಅದರ ಕ್ಲೌಡ್‌ರೆಡಿ ತಂತ್ರಾಂಶವನ್ನೇ ಆಧಾರವಾಗಿಟ್ಟುಕೊಂಡು 2022ರಲ್ಲಿ ಫ್ಲೆಕ್ಸ್ ಅನ್ನು ಉಚಿತವಾಗಿ ಬಿಡುಗಡೆ ಮಾಡಿತು. 64 ಬಿಟ್‌ನ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್, 4 ಜಿಬಿ ರ‍್ಯಾಮ್ ಮತ್ತು 16 ಜಿಬಿ ಸಂಗ್ರಹ ಅದಕ್ಕೆ ಸಾಕು. ಬಹುಪಾಲು ಕೆಲಸ ಕ್ರೋಮ್ ಬ್ರೌಸರ್‌ನಲ್ಲೇ ನಡೆಯುವುದರಿಂದ ನಿಮ್ಮ ಇಮೇಲ್, ಬ್ಯಾಂಕ್ ಮತ್ತು ಯೂಟ್ಯೂಬ್‌ಗೆ ಯಾವ ಅಡ್ಡಿಯೂ ಆಗದು. ಹಾರ್ಡ್‌ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಸಂಗ್ರಹ ಸಾಧನವಾದ ಚಿಕ್ಕದೊಂದು ಎಸ್‌ಎಸ್‌ಡಿ ಹಾಕಿಸಿದರೆ ವೇಗ ಇನ್ನಷ್ಟು ಸುಧಾರಿಸುತ್ತದೆ.

ನಿಜವಾದ ತೊಡಕು ನುಡಿಯದು. ನುಡಿ ತಂತ್ರಾಂಶ ವಿಂಡೋಸ್‌ಗಾಗಿ ರೂಪುಗೊಂಡದ್ದು, ಫ್ಲೆಕ್ಸ್‌ನಲ್ಲಿ ಓಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಳೆಯ ನುಡಿ ಅಕ್ಷರಶೈಲಿಗಳಲ್ಲಿ ಬರೆದ ಕಡತಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಚಿಹ್ನೆಗಳ ಸಂಕೇತಗಳಲ್ಲೇ ಉಳಿದಿರುತ್ತವೆ, ಅವುಗಳಿಗೆ ಕನ್ನಡದ ರೂಪ ಕೊಡುವುದು ಆ ಅಕ್ಷರಶೈಲಿ ಮಾತ್ರ. ಅದಿಲ್ಲದ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ನೀವು ವರ್ಷಗಟ್ಟಲೆ ಬರೆದದ್ದೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಆದ್ದರಿಂದ ವಿಂಡೋಸ್ ಇರುವಾಗಲೇ ಅವನ್ನು, ಇಂದಿನ ಯಂತ್ರಗಳೆಲ್ಲ ಓದಬಲ್ಲ ಅಕ್ಷರ ಸಂಕೇತ ವ್ಯವಸ್ಥೆಯಾದ ಯೂನಿಕೋಡ್‌ಗೆ ಪರಿವರ್ತಿಸಿ. ಉಚಿತ ಪರಿವರ್ತಕಗಳು ಸಿಗುತ್ತವೆ, ಆದರೆ ಒತ್ತಕ್ಷರಗಳು ಮತ್ತು ಅರ್ಕಾವತ್ತು ಕೆಲವೊಮ್ಮೆ ಕೆಡುವುದರಿಂದ ಪ್ರತಿ ಲೇಖನವನ್ನೂ ಒಮ್ಮೆ ಕಣ್ಣಾಡಿಸಿ, ಮೂಲ ಕಡತಗಳನ್ನೂ ಬೇರೆ ಡ್ರೈವ್‌ನಲ್ಲಿ ಉಳಿಸಿಕೊಳ್ಳಿ. ಲೇಖನ ಕಳಿಸುವ ಪತ್ರಿಕೆ ಅಥವಾ ಮುದ್ರಣಾಲಯ ಯೂನಿಕೋಡ್ ಪಠ್ಯ ತೆಗೆದುಕೊಳ್ಳುತ್ತದೆಯೇ ಎಂದೂ ವಿಚಾರಿಸಿ, ಏಕೆಂದರೆ ಪುಟವಿನ್ಯಾಸಕ್ಕೆ ಹಳೆಯ ಅಕ್ಷರಶೈಲಿಯನ್ನೇ ಕೇಳುವವರು ಇನ್ನೂ ಇದ್ದಾರೆ. ಫ್ಲೆಕ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ್ದನ್ನು ಕನ್ನಡಕ್ಕೆ ತಿರುಗಿಸುವ ಲಿಪ್ಯಂತರ ಸೌಲಭ್ಯವಿದೆ. ಅದು ನುಡಿಯ ಕೀಲಿಮಣೆ ವಿನ್ಯಾಸವಲ್ಲವಾದ್ದರಿಂದ ಬೆರಳುಗಳಿಗೆ ರೂಢಿಯಾಗಲು ಸ್ವಲ್ಪ ಕಾಲ ಬೇಕು.

ಅಂಗಡಿಗೆ ಕೊಡುವ ಮೊದಲು ಮನೆಯಲ್ಲೇ ಪರೀಕ್ಷಿಸಿ ನೋಡಿ. ಕ್ರೋಮ್ ಬ್ರೌಸರ್‌ಗೆ ಕ್ರೋಮ್‌ಬುಕ್ ರಿಕವರಿ ಯುಟಿಲಿಟಿ ಎಂಬ ಎಕ್ಸ್‌ಟೆನ್ಷನ್ ಸೇರಿಸಿಕೊಂಡು, 8 ಜಿಬಿಗೆ ಕಡಿಮೆಯಿಲ್ಲದ ಖಾಲಿ ಪೆನ್‌ಡ್ರೈವ್‌ಗೆ ಫ್ಲೆಕ್ಸ್ ಇಳಿಸಿ, ಆ ಪೆನ್‌ಡ್ರೈವ್‌ನಿಂದಲೇ ಲ್ಯಾಪ್‌ಟಾಪ್ ಆರಂಭಿಸಿ. ಇನ್‌ಸ್ಟಾಲ್ ಮಾಡದೆ ಬಳಸಿ ನೋಡುವ ಆಯ್ಕೆಯನ್ನು ಆರಿಸಿದರೆ ವಿಂಡೋಸ್ ಹಾಗೆಯೇ ಇರುತ್ತದೆ. ವೈಫೈ, ಧ್ವನಿ, ಕ್ಯಾಮೆರಾ ಮತ್ತು ಪ್ರಿಂಟರ್ ಸರಿಯಿವೆಯೇ ಎಂದು ನಾಲ್ಕಾರು ದಿನ ನೋಡಿ. ನಿಮ್ಮ ಮಾದರಿ ಗೂಗಲ್‌ನ ಪ್ರಮಾಣಿತ ಪಟ್ಟಿಯಲ್ಲಿದೆಯೇ, ಅದಕ್ಕೆ ಬೆಂಬಲ ಯಾವ ವರ್ಷದವರೆಗೆ ಎಂಬುದನ್ನೂ ಪರಿಶೀಲಿಸಿ. ಇನ್‌ಸ್ಟಾಲ್ ಮಾಡಿದರೆ ಡಿ ಡ್ರೈವ್ ಸೇರಿದಂತೆ ಇಡೀ ಡಿಸ್ಕ್ ಅಳಿಸಿಹೋಗುತ್ತದೆ, ವಿಂಡೋಸ್ ಜೊತೆಯಲ್ಲಿ ಉಳಿಸಿಕೊಳ್ಳುವ ಅವಕಾಶವಿಲ್ಲ. ನೆಟ್ ಹೋಗಿ ಬರುವ ಊರುಗಳಲ್ಲಿ ಗೂಗಲ್ ಡಾಕ್ಸ್‌ನ ಆಫ್‌ಲೈನ್ ಆಯ್ಕೆಯನ್ನು ಮೊದಲೇ ತೆರೆದಿಟ್ಟುಕೊಳ್ಳುವುದು ಅಗತ್ಯ.

ಪ್ರಶ್ನೆ: ನಮ್ಮ ಅಂಗಡಿಯ ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿ ಮತ್ತು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುತ್ತೇವೆ. ಫ್ಲೆಕ್ಸ್ ಆಗುತ್ತದೆಯೇ? ಮೊಬೈಲ್ ಆ್ಯಪ್‌ಗಳನ್ನು ಹಾಕಿಕೊಳ್ಳಬಹುದೇ?
– ಓದುಗರು, ದಾವಣಗೆರೆ

ಉತ್ತರ: ನಿಮಗೆ ಆಗುವುದಿಲ್ಲ. ನೀವು ಲ್ಯಾಪ್‌ಟಾಪ್‌ಗೆ ಹಾಕಿಕೊಂಡು ಬಳಸುವ ಟ್ಯಾಲಿ ವಿಂಡೋಸ್‌ನ ತಂತ್ರಾಂಶ. ಟೋಕನ್‌ಗೆ ಅದರ ತಯಾರಕರು ಕೊಡುವ ಚಾಲಕ ತಂತ್ರಾಂಶವೂ ಬೇಕು. ಕ್ರೋಮ್ ಓಎಸ್ ಸಮೇತವೇ ಮಾರಾಟವಾಗುವ ಕ್ರೋಮ್‌ಬುಕ್ ಲ್ಯಾಪ್‌ಟಾಪ್‌ಗಳಲ್ಲಿ ಸಿಗುವ ಪ್ಲೇ ಸ್ಟೋರ್ ಫ್ಲೆಕ್ಸ್‌ನಲ್ಲಿಲ್ಲ, ವಾಟ್ಸಾಪ್‌ ಅನ್ನು ಬ್ರೌಸರ್‌ನಲ್ಲಿ ತೆರೆಯಬಹುದು ಅಷ್ಟೆ. ಲೆಕ್ಕಪತ್ರದ ಯಂತ್ರದಲ್ಲಿ ಬೆಂಬಲವಿರುವ ವಿಂಡೋಸ್ ಇಟ್ಟುಕೊಳ್ಳಿ.