ಗಡಿ ಪಕ್ಕದ ಪ್ಲಾಟ್‌ಫಾರ್ಮ್‌ಗೆ ಎಷ್ಟು ಬೂಮ್ ಸಾಕು?

ಪಕ್ಕದ ದೇಶದ ಕಡಲ ಗಡಿಗೆ ಹತ್ತಿರ ಇರುವ, ಸಮುದ್ರದಲ್ಲಿ ತೈಲ ತೆಗೆಯುವ ಪ್ಲಾಟ್‌ಫಾರ್ಮ್‌ಗೆ ಎಷ್ಟು ಮೀಟರ್ ಬೂಮ್, ಎಷ್ಟು ಸ್ಕಿಮ್ಮರ್ ಬೇಕು ಅಂತ ಕೇಳಿದ್ದೀರಿ. ಬೂಮ್ ಅಂದರೆ ಸೋರಿದ ಎಣ್ಣೆ ಹರಡದಂತೆ ನೀರಿನ ಮೇಲೆ ಹಾಕುವ ತೇಲುವ ತಡೆ, ಸ್ಕಿಮ್ಮರ್ ಅಂದರೆ ಆ ಎಣ್ಣೆಯನ್ನು ನೀರಿನ ಮೇಲಿಂದ ಎತ್ತುವ ಯಂತ್ರ. ಹದಿನಾಲ್ಕು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ತೈಲ ಸೋರಿಕೆಯ ತುರ್ತು ಯೋಜನೆ ಬರೆಯುವ ಕೆಲಸ ಆಗ ನನಗೆ ಹೊಸದು. ಇನ್ನೂರು ಪುಟ ಬರೆದೆ. ಯಾವ ಬೂಮ್ ಯಾವ ಗೋದಾಮಿನಲ್ಲಿದೆ, ಯಾವ ದೋಣಿ ಎಷ್ಟು ಹೊತ್ತಿಗೆ ಹೊರಡುತ್ತದೆ, ಎಲ್ಲಾ ಇತ್ತು. ನೆರೆ ದೇಶದ ಬಗ್ಗೆ ಮಾತ್ರ ಒಂದೇ ಸಾಲು: 'ಎಣ್ಣೆ ಗಡಿ ದಾಟುವ ಸಾಧ್ಯತೆ ಇದ್ದಲ್ಲಿ ಸಂಬಂಧಪಟ್ಟವರೊಂದಿಗೆ ಸಮನ್ವಯ ಮಾಡಿಕೊಳ್ಳಲಾಗುವುದು.' ಹಳೆಯ ಯೋಜನೆಯಿಂದ ಎತ್ತಿಕೊಂಡ ಸಾಲು ಅದು.

ಒಂದು ರಾತ್ರಿ ಪೈಪಿನ ಜೋಡಣೆ ಬಿಟ್ಟುಕೊಂಡು ಎಣ್ಣೆ ಸೋರಿತು. ದೊಡ್ಡ ಸೋರಿಕೆ ಅಲ್ಲ. ಬೆಳಗ್ಗೆ ಗಾಳಿ ದಿಕ್ಕು ಬದಲಿಸಿತು. ಎಣ್ಣೆಯ ಪದರ ನೀರಿನ ಸೆಳೆತದ ಜೊತೆಗೆ ಗಾಳಿಯ ವೇಗದ ಸುಮಾರು 3% ವೇಗದಲ್ಲೂ ಸರಿಯುತ್ತದೆ. ಆ ಲೆಕ್ಕದಲ್ಲಿ ಸಂಜೆಗೆ ಅದು ಗಡಿ ಮುಟ್ಟಬೇಕಿತ್ತು. ನನಗೆ ಗಾಬರಿ ಇರಲಿಲ್ಲ, ಯಾಕೆಂದರೆ ಡಿಸ್ಪರ್ಸೆಂಟ್ (ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆದು ನೀರಲ್ಲಿ ಚದುರಿಸುವ ರಾಸಾಯನಿಕ) ತುಂಬಿದ ವಿಮಾನ ರೆಡಿ ಇತ್ತು, ನಮ್ಮ ಕಡೆಯ ಅನುಮತಿಯೂ ಸಿಕ್ಕಿತ್ತು. ಆಗ ಪೈಲಟ್ ಕೇಳಿದರು, "ಗೆರೆ ದಾಟಿ ಸಿಂಪಡಿಸಬಹುದಾ ಸರ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕಡೆಯ ಕಚೇರಿಯೊಂದಕ್ಕೆ ಫೋನ್ ಮಾಡಿದೆವು. ಅವರು ಇನ್ನೊಂದಕ್ಕೆ ಕಳಿಸಿದರು. ಅಲ್ಲಿಯವರು ನಮ್ಮ ಡಿಸ್ಪರ್ಸೆಂಟ್ ತಮ್ಮ ಪಟ್ಟಿಯಲ್ಲಿಲ್ಲ, ಪರೀಕ್ಷೆಯ ದಾಖಲೆ ಕೊಡಿ ಅಂದರು. ಕೇಳಿದ್ದು ನ್ಯಾಯವಾಗೇ ಇತ್ತು, ಅವರ ಮೀನು, ಅವರ ನೀರು. ಅನುಮತಿ ಬರುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಅಷ್ಟರಲ್ಲಿ ಎಣ್ಣೆ ಅಲೆಗೆ ಸಿಕ್ಕಿ ನೀರು ಹೀರಿಕೊಂಡು ಮೂರು ಪಟ್ಟು ಉಬ್ಬಿತ್ತು. ದೋಣಿಯವರು ಸ್ಯಾಂಪಲ್ ತಂದುಕೊಟ್ಟ ಬಾಟಲಿ ಈಗಲೂ ಕಣ್ಣ ಮುಂದಿದೆ. ಕಂದು ಬಣ್ಣದ, ಗಟ್ಟಿ ಮುಲಾಮಿನಂಥ ವಸ್ತು. ಬಾಟಲಿ ತಲೆಕೆಳಗು ಮಾಡಿದೆ. ಅದು ಜಾರಲೇ ಇಲ್ಲ. ಅಂಥದ್ದರ ಮೇಲೆ ಡಿಸ್ಪರ್ಸೆಂಟ್ ಸುರಿದರೆ ಸುಮ್ನೆ ಸಮುದ್ರಕ್ಕೆ ಇನ್ನೊಂದಷ್ಟು ರಾಸಾಯನಿಕ ಸೇರಿಸಿದಂತೆ, ಅಷ್ಟೇ. ಆ ಎಣ್ಣೆ ಅವರ ದಡ ಸೇರಿತು. ಕೈಯಲ್ಲಿ ಸಲಿಕೆ ಹಿಡಿದು ಬಾಚಿದವರು ಅಲ್ಲಿನ ಜನ.

ಎಲ್ಲರೂ ಫೋನ್ ತಡವಾಯಿತು ಅಂದರು. ತಪ್ಪು ಅದಲ್ಲ. ತಪ್ಪು ಆ 'ಮಾಡಿಕೊಳ್ಳಲಾಗುವುದು' ಅನ್ನುವ ಪದದಲ್ಲಿತ್ತು. ಅದರಲ್ಲಿ ಯಾರು ಮಾಡುತ್ತಾರೆ ಅನ್ನುವುದಿಲ್ಲ. ಯಾರಿಗೆ, ಎಷ್ಟು ಗಂಟೆಯೊಳಗೆ, ಏನು ಕೇಳಬೇಕು ಅನ್ನುವುದೂ ಇಲ್ಲ. ಬೂಮ್ ಬಗ್ಗೆ ಬರೆಯುವಾಗ ನಾನು ಹಾಗೆ ಬರೆದಿರಲಿಲ್ಲ, ಪ್ರತಿ ತುಂಡಿಗೂ ಒಬ್ಬ ಮನುಷ್ಯನ ಹುದ್ದೆ ಬರೆದಿದ್ದೆ. ಗಡಿಯ ವಿಷಯ ಬಂದಾಗ ಮಾತ್ರ ಕೈ ತೊಳೆದುಕೊಂಡೆ. ನಮ್ಮ ಅಣಕು ಕಾರ್ಯಾಚರಣೆಗಳೂ ಗೆರೆಯ ಹತ್ತಿರ ಬಂದು ಮುಗಿಯುತ್ತಿದ್ದವು. ನಕ್ಷೆಯಲ್ಲಿ ಆಚೆ ಬದಿ ಬರೀ ಬಿಳಿ. ಅಲ್ಲಿ ಮೀನು ಮೊಟ್ಟೆ ಇಡುವ ಜಾಗ ಯಾವುದು, ಹವಳದ ದಿಬ್ಬ ಎಲ್ಲಿದೆ, ಒಂದೂ ಗುರುತಿಸಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಬೂಮ್ ಬೇಕು, ಇಲ್ಲ ಅನ್ನುತ್ತಿಲ್ಲ. ಆದರೆ ಅಡ್ಡ ಹಾಕಿದ ಬೂಮ್‌ಗೆ ಸೆಳೆತ ಸುಮಾರು 0.7 ನಾಟ್ (ಗಂಟೆಗೆ ಸುಮಾರು 1.3 ಕಿ.ಮೀ.) ದಾಟಿದರೆ ಎಣ್ಣೆ ಅಡಿಯಿಂದ ನುಸುಳುತ್ತದೆ. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಸೋರಿಕೆಗೆ ಸಾವಿರಾರು ದೋಣಿ ಇಳಿಸಿದರೂ ಸ್ಕಿಮ್ಮರ್‌ಗೆ ಸಿಕ್ಕಿದ್ದು ಅಂದಾಜು 3% ಎಣ್ಣೆ. ಬೂಮ್ ಜಾಸ್ತಿ ಇದ್ದರೆ ಗಡಿ ಉಳಿಯುತ್ತದೆ ಅಂತ ನಂಬಬೇಡಿ.

ಗಡಿ ದಾಟುವುದು ಅಪರೂಪ ಅಂತಲೂ ಅಂದುಕೊಳ್ಳಬೇಡಿ. 1979ರ ಜೂನ್‌ನಲ್ಲಿ ಮೆಕ್ಸಿಕೋದ ಇಕ್ಸ್‌ಟಾಕ್ ಬಾವಿ ಒಡೆಯಿತು. ಆಗಸ್ಟ್‌ಗೆ ಎಣ್ಣೆ ಅಮೆರಿಕದ ಟೆಕ್ಸಾಸ್ ದಡದಲ್ಲಿತ್ತು. ಕಡಲ ಮಾಲಿನ್ಯ ಎದುರಿಸಲು ಎರಡೂ ದೇಶ ಒಪ್ಪಂದಕ್ಕೆ ಸಹಿ ಹಾಕಿದ್ದು 1980ರಲ್ಲಿ. 2009ರಲ್ಲಿ ಆಸ್ಟ್ರೇಲಿಯಾ ಕಡೆಯ ಮೊಂಟಾರಾ ಬಾವಿ 74 ದಿನ ಸೋರಿತು, ಎಣ್ಣೆ ಇಂಡೋನೇಷ್ಯಾದ ನೀರಿಗೆ ಹೋಯಿತು. ಅಲ್ಲಿನ ಕಡಲಪಾಚಿ ಬೆಳೆಗಾರರ ಪರವಾಗಿ ಆಸ್ಟ್ರೇಲಿಯಾದ ಕೋರ್ಟ್ ತೀರ್ಪು ಕೊಟ್ಟಿದ್ದು 2021ರಲ್ಲಿ. ಹನ್ನೆರಡು ವರ್ಷ! ಟ್ಯಾಂಕರ್ ಹಡಗುಗಳ ಸೋರಿಕೆಗೆ ಅಂತರರಾಷ್ಟ್ರೀಯ ಪರಿಹಾರ ನಿಧಿ ಇದೆ. ಪ್ಲಾಟ್‌ಫಾರ್ಮ್‌ಗಳಿಗೆ ಅಂಥ ಜಾಗತಿಕ ವ್ಯವಸ್ಥೆ ಇಲ್ಲ. ಹಾಗಾಗಿ ಆಚೆ ದಡದ ನೀರು, ಮಣ್ಣು, ಮೀನಿನ ಸ್ಯಾಂಪಲ್ ಈಗಲೇ ಅವರ ಜೊತೆ ಸೇರಿ ತೆಗೆದಿಡಿ. ನಾಳೆ ನಷ್ಟದ ಮಾತು ಬಂದಾಗ ಎರಡೂ ಕಡೆಗೆ ಅದೇ ಆಧಾರ.

ತೈಲ ಮಾಲಿನ್ಯ ಎದುರಿಸುವ ಸಿದ್ಧತೆ, ಸಹಕಾರದ ಬಗ್ಗೆ ಇರುವ 1990ರ ಅಂತರರಾಷ್ಟ್ರೀಯ ಓಪಿಆರ್‌ಸಿ ಒಪ್ಪಂದದ ಪ್ರಕಾರ ಸದಸ್ಯ ದೇಶಗಳು ಸೋರಿಕೆ ಸಮಯದಲ್ಲಿ ಹಡಗು, ವಿಮಾನ, ಜನ, ಸಲಕರಣೆ ಬೇಗ ಒಳಗೆ ಬರಲು ದಾರಿ ಮಾಡಿಕೊಡಬೇಕು. ಆದರೆ ರಾತ್ರಿ ಎರಡು ಗಂಟೆಗೆ ಕಸ್ಟಮ್ಸ್ ಗೇಟಿನಲ್ಲಿ ಕೂತ ಅಧಿಕಾರಿಗೆ ಅದು ಗೊತ್ತಿರಬೇಕಲ್ವಾ? ಗೊತ್ತಿದೆಯಾ ಅಂತ ಹೋಗಿ ಕೇಳಿ. ನಿಮ್ಮ ಡಿಸ್ಪರ್ಸೆಂಟ್ ಅವರ ಪಟ್ಟಿಯಲ್ಲಿದೆಯಾ ನೋಡಿ, ಇಲ್ಲದಿದ್ದರೆ ಇಬ್ಬರಿಗೂ ಒಪ್ಪಿಗೆ ಇರುವುದನ್ನೇ ತರಿಸಿ. ಅನುಮತಿ ಕೊಡುವವರ ಹುದ್ದೆ, ಅವರು ರಜೆಯಲ್ಲಿದ್ದರೆ ಯಾರು, ಅದನ್ನೂ ಬರೆದಿಟ್ಟುಕೊಳ್ಳಿ. ಬೂಮ್ ಆರ್ಡರ್ ಒಂದು ತಿಂಗಳು ಕಾಯಲಿ. ಈ ವಾರ ಆಚೆ ಕಡೆಯ ನಂಬರ್‌ಗೆ ರಾತ್ರಿ ಹೊತ್ತು ಒಂದು ಸಲ ಫೋನ್ ಮಾಡಿ, ಯಾರು ಎತ್ತುತ್ತಾರೆ ನೋಡಿ.