ಸರಕು ವ್ಯಾನ್: ಎಂಜಿನ್ ಕಾವು, ಎ.ಸಿ. ತೊಂದರೆ – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನದು ತರಕಾರಿ ಸಾಗಿಸುವ ಪೆಟ್ರೋಲ್ ವ್ಯಾನ್. ಹೈವೇಯಲ್ಲಿ ಏನೂ ತೊಂದರೆಯಿಲ್ಲ. ಮಾರ್ಕೆಟ್ ಒಳಗೆ ಹತ್ತು ನಿಮಿಷ ನಿಧಾನಕ್ಕೆ ಓಡಿಸಿದರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಥರ್ಮೋಸ್ಟಾಟ್ ಕಿತ್ತುಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ ಮೆಕ್ಯಾನಿಕ್. ತೆಗೆಸಲೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ತೆಗೆಸಬೇಡಿ. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟವೇ ಥರ್ಮೋಸ್ಟಾಟ್. ಓಡುವಾಗ ತಣ್ಣಗಿದ್ದು ನಿಂತಾಗ ಕಾಯುತ್ತದೆ ಎಂದರೆ ಮೊದಲು ಅನುಮಾನಿಸಬೇಕಾದ್ದು ಫ್ಯಾನನ್ನು. ಹೈವೇಯಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಮಾರ್ಕೆಟ್‌ನಲ್ಲಿ ಆ ಕೆಲಸ ಫ್ಯಾನ್ ಮಾಡಬೇಕು. ಥರ್ಮೋಸ್ಟಾಟ್ ತೆಗೆದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುವುದೇ ತಡವಾಗುತ್ತದೆ. ಇನ್ನೂ ತಣ್ಣಗಿದೆ ಎಂದುಕೊಂಡ ಇ.ಸಿ.ಯು. (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ. ಬೈಪಾಸ್ ದಾರಿಯಿರುವ ಎಂಜಿನ್ನುಗಳಲ್ಲಂತೂ ಒಂದಿಷ್ಟು ಬಿಸಿನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತುವುದರಿಂದ ಕಾವು ಇನ್ನೂ ಹೆಚ್ಚಬಹುದು.

ಗಾಡಿ ನಿಲ್ಲಿಸಿ ಎ.ಸಿ. ಹಾಕಿ. ಹೆಚ್ಚಿನ ವ್ಯಾನುಗಳಲ್ಲಿ ಆಗ ಫ್ಯಾನ್ ತಿರುಗಲೇಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ, ರಿಲೇ (ಫ್ಯಾನಿಗೆ ಕರೆಂಟ್ ಹರಿಸುವ ಸ್ವಿಚ್) ಬದಲಿಸಿ ನೋಡಿ, ಆಮೇಲೆ ಮೋಟಾರಿಗೆ ನೇರವಾಗಿ 12 ವೋಲ್ಟ್ ಕೊಡಿ. ನೇರ ಕೊಟ್ಟಾಗ ಜೋರಾಗಿ ತಿರುಗಿದರೆ ಮೋಟಾರ್ ಸರಿಯಿದೆ, ದೋಷ ವೈರಿಂಗಿನಲ್ಲೋ ಸೆನ್ಸರಿನಲ್ಲೋ ಇದೆ. ಮಂದವಾಗಿ ತಿರುಗಿದರೆ ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು. ಮೋಟಾರನ್ನು ಇತ್ತೀಚೆಗೆ ಬದಲಿಸಿದ್ದರೆ ಇನ್ನೊಂದು ಪರೀಕ್ಷೆ ಇದೆ: ಫ್ಯಾನ್ ರೇಡಿಯೇಟರಿನ ಹಿಂದಿದ್ದರೆ ಮುಂಭಾಗಕ್ಕೆ ಒಂದು ಹಾಳೆ ಹಿಡಿಯಿರಿ. ಹಾಳೆ ಜಾಲರಿಗೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಎರಡು ವೈರು ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುತ್ತಿದೆ ಎಂದರ್ಥ.

ಫ್ಯಾನ್ ಸರಿಯಿದ್ದರೆ ನೀರಿನ ಕಡೆಗೆ ಬನ್ನಿ. ಬೋರ್‌ವೆಲ್ ನೀರು ತುಂಬಿಸಿದ್ದರೆ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಸುಣ್ಣ ಕಟ್ಟುತ್ತದೆ. ಸರಿಯಾಗಿ ತೊಳೆಸಿ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು ಹಾಕಿಸಿ. 5 ಲೀಟರ್ ಹಿಡಿದರೆ ಎರಡೂ 2.5 ಲೀಟರ್. ಮೊದಲೇ ನೀರು ಬೆರೆಸಿದ ಪ್ರೀಮಿಕ್ಸ್ ಡಬ್ಬಿ ತಂದಿದ್ದರೆ ಮತ್ತೆ ನೀರು ಬೆರೆಸಬಾರದು.

ಓಮ್ನಿ, ಈಕೋ ತರಹ ಸೀಟಿನಡಿ ಎಂಜಿನ್ ಇರುವ ಗಾಡಿಗಳಲ್ಲಿ ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ. ನಡುವಿನ ಉದ್ದನೆಯ ಪೈಪುಗಳಲ್ಲಿ ಏರ್ ಲಾಕ್ (ಗಾಳಿ ಸಿಕ್ಕಿಕೊಂಡು ನೀರಿನ ಓಟ ತಡೆಯುವುದು) ಆಗುವುದು ಸುಲಭ. ಹೊಸ ಕೂಲೆಂಟ್ ಹಾಕಿದ ಮೇಲೆ ನೀರು ತುಂಬುವ ಬಾಯಿ ಎತ್ತರದಲ್ಲಿರುವಂತೆ ಗಾಡಿ ನಿಲ್ಲಿಸಿ. ಏರ್ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ. ತಣ್ಣಗಿರುವಾಗಲೇ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ಫ್ಯಾನ್ ಎರಡು ಸಲ ಹತ್ತಿ ಆರುವವರೆಗೆ ಐಡಲ್‌ನಲ್ಲಿ ಬಿಟ್ಟು, ಕೂಲೆಂಟ್ ಇಳಿದಂತೆ ಅದೇ ಮಿಶ್ರಣ ತುಂಬುತ್ತ ಹೋಗಿ. ಬಿಸಿ ಎಂಜಿನ್ನಿನ ಕ್ಯಾಪನ್ನು ಮಾತ್ರ ಎಂದೂ ತೆರೆಯಬೇಡಿ. ಒತ್ತಡದಲ್ಲಿ ನುಗ್ಗುವ ನೀರು ಮುಖ ಸುಡುತ್ತದೆ. ಗಾಳಿ ತೆಗೆದ ಮೇಲೂ ಗುಳ್ಳೆ ಬರುತ್ತಲೇ ಇದ್ದರೆ, ಅಥವಾ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲುಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿರುವ ಸಾಧ್ಯತೆ ಹೆಚ್ಚು. ಆಗ ಓಡಿಸದೆ ಎಳೆಸಿಕೊಂಡೇ ಹೋಗಿ.

ಪ್ರಶ್ನೆ: ವರ್ಷಕ್ಕೆ ಎರಡು ಸಲ ಎ.ಸಿ. ಗ್ಯಾಸ್ ತುಂಬಿಸುತ್ತೇನೆ. ಆದರೂ ಮಧ್ಯಾಹ್ನ ಅರ್ಧ ಗಂಟೆ ಓಡಿದ ಮೇಲೆ ಗಾಳಿಯೇ ಕಡಿಮೆಯಾಗುತ್ತದೆ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿ.
– ಕೊರಿಯರ್ ವ್ಯಾನ್ ಚಾಲಕರು, ಕಲಬುರಗಿ

ಉತ್ತರ: ಗಾಳಿಯೇ ಕಡಿಮೆಯಾಗಿ, ಬಿಟ್ಟು ಹಾಕಿದರೆ ಮರಳುತ್ತದೆ ಎಂದರೆ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಗಾಳಿಯ ದಾರಿ ಮುಚ್ಚುತ್ತಿದೆ. ಕಾರಣ ಮೂರರಲ್ಲಿ ಒಂದು: ಕಂಪ್ರೆಸರನ್ನು ಸಮಯಕ್ಕೆ ನಿಲ್ಲಿಸಬೇಕಾದ ಥರ್ಮಿಸ್ಟರ್ (ಕಾಯಿಲಿನ ತಂಪು ಅಳೆಯುವ ಸೆನ್ಸರ್) ಕೆಟ್ಟಿದೆ, ಫಿಲ್ಟರ್ ಅಥವಾ ಕಾಯಿಲ್ ಧೂಳಿನಿಂದ ಮುಚ್ಚಿದೆ, ಇಲ್ಲವೇ ಗ್ಯಾಸ್ ಕಡಿಮೆಯಾಗಿದೆ.

ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಆರು ತಿಂಗಳಿಗೊಮ್ಮೆ ಖಾಲಿಯಾಗುತ್ತಿದ್ದರೆ ಲೀಕ್ ಇದೆ, ಅದನ್ನು ಹುಡುಕದೆ ತುಂಬಿಸುವುದು ದುಡ್ಡು ಸುಟ್ಟಂತೆ. ಪೈಪಿನ ಜಾಯಿಂಟುಗಳಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕಪ್ಪಾಗಿದ್ದರೆ ಸೋರಿಕೆ ಬಹುತೇಕ ಅಲ್ಲೇ. ನೈಟ್ರೋಜನ್ ಒತ್ತಡ ಕೊಟ್ಟು ಸೋಪುನೀರು ಹಚ್ಚಿ ನೋಡಲು ಹೇಳಿ. ರಿಪೇರಿಯಾದ ಮೇಲೆ ಕನಿಷ್ಠ 30 ನಿಮಿಷ ವ್ಯಾಕ್ಯೂಮ್ ಎಳೆಸಿ (ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಹೊರತೆಗೆಸಿ), ಗಾಡಿಯ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಿಸಿ. ಎಂಜಿನ್ ಆಫ್ ಇರುವಾಗಿನ ಗೇಜ್ ನೋಡಿ ‘ಫುಲ್ ಇದೆ’ ಎಂದರೆ ನಂಬಬೇಡಿ: 35 ಡಿಗ್ರಿ ಬಿಸಿಲಲ್ಲಿ ಆರ್134ಎ (ಎ.ಸಿ. ಗ್ಯಾಸಿನ ಹೆಸರು) ಸ್ವಲ್ಪವೇ ದ್ರವವಾಗಿ ಉಳಿದಿದ್ದರೂ ಗೇಜ್ ಸುಮಾರು 115 ಪಿ.ಎಸ್.ಐ. ಒತ್ತಡ ತೋರಿಸುತ್ತದೆ.

ಇನ್ನೊಂದು ಮಾತು. ಚಾಲಕರ ಹಿಂದೆ ಪಾರ್ಟಿಷನ್ ಇಲ್ಲದಿದ್ದರೆ ಆ ಪುಟ್ಟ ಎ.ಸಿ. ಇಡೀ ಸರಕಿನ ಜಾಗವನ್ನು ತಣಿಸಬೇಕಾಗುತ್ತದೆ. ದಪ್ಪ ರೆಕ್ಸಿನ್ ಪರದೆ ಹಾಕಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಸೀಟಿನಡಿ ಎಂಜಿನ್ ಇದ್ದರೆ ಮುಚ್ಚಳದ ಸುತ್ತಲ ರಬ್ಬರ್ ಬೀಡಿಂಗ್ ನೋಡಿ. ಸರ್ವಿಸ್ ವೇಳೆ ಹರಿದರೆ ಎಂಜಿನ್ನಿನ ಕಾವು ನೇರ ಕ್ಯಾಬಿನ್ನಿಗೆ ಬರುತ್ತದೆ.

ಪ್ರಶ್ನೆ: ಸಿ.ಎನ್‌.ಜಿ. ವ್ಯಾನ್ ಲೋಡ್ ಹಾಕಿ ಘಾಟಿ ಹತ್ತುವಾಗ ಜರ್ಕ್ ಹೊಡೆಯುತ್ತದೆ. ಪೆಟ್ರೋಲಿಗೆ ಬದಲಿಸಿದರೆ ಸರಿ.
– ಬೇಕರಿ ಮಾಲೀಕರು, ಮಂಗಳೂರು

ಉತ್ತರ: ಮೊದಲು ಸ್ಪಾರ್ಕ್ ಪ್ಲಗ್ ನೋಡಿ. ಸಿ.ಎನ್‌.ಜಿ. ಹೊತ್ತಿಸಲು ಪೆಟ್ರೋಲಿಗಿಂತ ಜೋರಾದ ಕಿಡಿ ಬೇಕು. ಸವೆದ ಪ್ಲಗ್, ದುರ್ಬಲ ಇಗ್ನಿಷನ್ ಕಾಯಿಲ್ ಪೆಟ್ರೋಲಿನಲ್ಲಿ ಸುಮ್ಮನಿದ್ದು ಗ್ಯಾಸಿನಲ್ಲಿ ಬಣ್ಣ ಬಯಲು ಮಾಡುತ್ತವೆ. ಪ್ಲಗ್ಗಿನಲ್ಲಿ ಕಿಡಿ ಹಾರುವ ಗ್ಯಾಪ್ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ., ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆಯಿದ್ದರೆ ಅದೇ ಸರಿ. ಆಮೇಲೆ ಏರ್ ಫಿಲ್ಟರ್, ಗ್ಯಾಸ್ ಫಿಲ್ಟರ್, ಕೊನೆಗೆ ರೆಗ್ಯುಲೇಟರ್ (ಸಿಲಿಂಡರಿನ ಗ್ಯಾಸ್ ಒತ್ತಡ ತಗ್ಗಿಸುವ ಭಾಗ) ಒತ್ತಡ. ಗ್ಯಾಸಿನಲ್ಲಿ ಪಿಕಪ್ ಸ್ವಲ್ಪ ಕಡಿಮೆಯಿರುವುದು ಸಹಜ, ಜರ್ಕ್ ಸಹಜವಲ್ಲ. ಸಿಲಿಂಡರಿನ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) 3 ವರ್ಷಕ್ಕೊಮ್ಮೆ ಕಡ್ಡಾಯ, ಪ್ಲೇಟಿನ ಮೇಲಿನ ತಾರೀಖನ್ನೂ ನೋಡಿಬಿಡಿ.

ಪ್ರಶ್ನೆ: ಮಳೆಯಲ್ಲಿ ಮುಂದಿನ ಗಾಜು ಮಂಜಾಗುತ್ತದೆ.
– ಓದುಗರೊಬ್ಬರು, ಮಡಿಕೇರಿ

ಉತ್ತರ: ಮಂಜು ಒಳಗಿದ್ದರೆ ಎ.ಸಿ. ಹಾಕಿ, ಗಾಳಿಯನ್ನು ಗಾಜಿನತ್ತ ತಿರುಗಿಸಿ, ಒಳಗಾಳಿಯ ಬದಲು ಹೊರಗಾಳಿ ಇಡಿ. ಹೊರಗಿದ್ದರೆ ಗಾಜು ಅತಿಯಾಗಿ ತಣ್ಣಗಾಗಿದೆ, ಎ.ಸಿ. ತಗ್ಗಿಸಿ ವೈಪರ್ ಹಾಕಿ. ಹೀಟರ್ ಇರುವ ಗಾಡಿಯಲ್ಲಿ ಒಳಗಾಜಿನ ಮೇಲೆ ಜಿಡ್ಡು ಪದರ ಕಟ್ಟಿ ಸಿಹಿ ವಾಸನೆ ಬಂದರೆ ಅದು ಬರೀ ಮಂಜಲ್ಲ. ಹೀಟರ್ ಕೋರ್‌ನಿಂದ (ಡ್ಯಾಶ್‌ಬೋರ್ಡ್ ಒಳಗೆ ಬಿಸಿ ಕೂಲೆಂಟ್ ಹರಿಯುವ ಪುಟ್ಟ ರೇಡಿಯೇಟರ್) ಕೂಲೆಂಟ್ ಸೋರುತ್ತಿದೆ, ಬೇಗ ತೋರಿಸಿ.